ಅತ್ತೆಯ ಕಸೂತಿ, ನನ್ನ ಎರಡು ಪೆನ್‌ಡ್ರೈವ್

ಅತ್ತೆ ರುದ್ರವ್ವನವರ ಲ್ಯಾಪ್‌ಟಾಪ್ ಶುಕ್ರವಾರ ಕೈಕೊಟ್ಟಿತು. ಆನ್ ಮಾಡಿದರೆ ನೀಲಿ ಪರದೆ, ಒಳಗೆ ಕಟಕಟ ಸದ್ದು, ಮತ್ತೆ ಕತ್ತಲು. ಅಳಿಯನಾದ ನಾನು ಬರ್ಲಿಂಗ್ಟನ್ನಿನ ಕಂಪನಿಯೊಂದರ ಐಟಿ ಸಪೋರ್ಟಿನಲ್ಲಿರುವಾಗ ಅದು ಇನ್ಯಾರ ಕೈಗೆ ಹೋಗುತ್ತದೆ? ಶನಿವಾರ ಬೆಳಿಗ್ಗೆ ನನ್ನ ಮೇಜಿನ ಮೇಲೆ ಬಂದು ಕೂತಿತು.

ಅತ್ತೆ ಧಾರವಾಡದವರು, ಅರವತ್ತಮೂರು ವಯಸ್ಸು. ಮೊಮ್ಮಗಳನ್ನು ನೋಡಿಕೊಳ್ಳಲು ಸಮುದ್ರ ದಾಟಿ ಮಿಸ್ಸಿಸಾಗಾದ ನಮ್ಮ ಮನೆಗೆ ಬಂದರು. ಅವಳು ಶಾಲೆಗೆ ಹೋಗತೊಡಗಿದ ಮೇಲೆ ಸುಮ್ಮನೆ ಕೂರಬಹುದಿತ್ತು. ಕೂರಲಿಲ್ಲ. ಮನೆಯ ನೆಲದಡಿಯ ಬೇಸ್‌ಮೆಂಟಿನಲ್ಲಿ ಕಸೂತಿ ಹಾಕುವ ಮಷೀನ್ ಇಟ್ಟರು. ಇಂಗ್ಲಿಷ್ ಬಾರದಿದ್ದರೂ, ಕೈಯಲ್ಲಿ ಹಾಕುತ್ತಿದ್ದ ಗೋಪುರ, ಆನೆ, ತುಳಸಿಕಟ್ಟೆಗಳನ್ನೆಲ್ಲ ಎಳೆ ಎಣಿಸಿ ಕಂಪ್ಯೂಟರಿಗೆ ಇಳಿಸಿದರು. ಅದರಲ್ಲಿರುವುದನ್ನು ನೋಡಿ ಮಷೀನ್ ಗಿರಾಕಿಗಳ ಬ್ಲೌಸಿನ ಮೇಲೆ ಹೊಲಿಯುತ್ತದೆ. ಎಂಟು ವರ್ಷದ ಆ ಕೆಲಸಕ್ಕೆ ಇನ್ನೊಂದು ಕಾಪಿ ಇರಲಿಲ್ಲ. ಇಡಿ ಎಂದು ನಾನೂ ಹೇಳಿರಲಿಲ್ಲ.

ನನಗೆ ಆ ಮಷೀನ್ ಕಂಡರೆ ಆಗದು. ನಾನು ಹೆಚ್ಚು ದಿನ ಮನೆಯಿಂದಲೇ ಕೆಲಸ ಮಾಡುವವನು. ಮೀಟಿಂಗಿನಲ್ಲಿ ಬಾಯಿ ತೆರೆದರೆ ಸಾಕು, ಕೆಳಗಿನಿಂದ ಟಕಟಕಟಕ. "ಈ ಮುದುಕಿಗೆ ಸುಮ್ನ ಕೂಡಾಕ ಏನ್ ಧಾಡಿ? ಬೇಸ್‌ಮೆಂಟ್ ಖಾಲಿ ಆದ್ರ ನನ್ನ ಆಫೀಸಾದ್ರೂ ಅಲ್ಲಿ ಇಟ್ಕೋತೀನಿ," ಎಂದು ಹೆಂಡತಿ ಅಕ್ಷರಾಳ ಮುಂದೆ ಎಷ್ಟೋ ಸಲ ಒದರಿದ್ದೇನೆ. ಅವಳು ಮುಖ ತಿರುಗಿಸಿಕೊಂಡು ಹೋಗುತ್ತಿದ್ದಳು.

ಕೆಟ್ಟ ಕಂಪ್ಯೂಟರನ್ನು ಎಬ್ಬಿಸಲು ನನ್ನ ಬಳಿ ಎರಡು ಪೆನ್‌ಡ್ರೈವ್ ಇದ್ದವು. ಕೆಂಪಿನದು ವಿಂಡೋಸನ್ನು ಹೊಸದಾಗಿ ಹಾಕುತ್ತದೆ. ಅರ್ಧ ಗಂಟೆ ಸಾಕು, ಆದರೆ ಹಳೆಯದೆಲ್ಲ ಅಳಿಸಿಹೋಗುತ್ತದೆ. ಕಪ್ಪಿನದು ತನ್ನ ಬಲದಿಂದಲೇ ಕಂಪ್ಯೂಟರನ್ನು ನಡೆಸುತ್ತ, ಡಿಸ್ಕಿನಲ್ಲಿರುವುದನ್ನು ಹೊರಗೆ ತೆಗೆಯಲು ಬಿಡುತ್ತದೆ. ಅದಕ್ಕೆ ಇಡೀ ದಿನ ಬೇಕು, ಸಿಕ್ಕೇ ಸಿಗುತ್ತದೆಂದು ಹೇಳಲಾಗದು. ಈ ಕೆಲಸ ಬಲ್ಲವರು ಯಾರೇ ಆದರೂ ಮೊದಲು ಕಪ್ಪು ಹಾಕುತ್ತಾರೆ.

ನಾನು ಕೆಂಪು ಹಾಕಿದೆ. ಚಿತ್ತಾರಗಳೇ ಇಲ್ಲದಿದ್ದರೆ ಮಷೀನೂ ನಿಲ್ಲುತ್ತದೆ. ಡಿಸ್ಕ್ ಮೊದಲೇ ಹೋಗಿತ್ತು ಅಂದರೆ ಯಾರು ಕೇಳುತ್ತಾರೆ?

ಎಲ್ಲವನ್ನೂ ಅಳಿಸಲೇ ಎಂದು ಪರದೆ ಕೇಳಿತು. ಒತ್ತಲು ಬೆರಳು ಏಳಲಿಲ್ಲ. ಎದ್ದು ನೀರು ಕುಡಿದೆ. ಕಿಟಕಿಯ ಬಳಿ ನಿಂತೆ. ಮತ್ತೆ ಬಂದು ಕೂತೆ, ಮತ್ತೆ ಎದ್ದೆ. ಅಷ್ಟರಲ್ಲಿ ಅತ್ತೆ ಚಹಾ ತಂದರು.

"ಇವು ಎರಡ್ಯಾಕ ಅದಾವ ಅಳಿಯಂದ್ರ?"

"ಒಂದು ಲಗೂ ರಿಪೇರಿ ಮಾಡ್ತದ, ಇನ್ನೊಂದು ಲೇಟ್," ಎಂದೆ.

"ನಿಮಗ ಯಾವುದು ಛಲೋ ಅನಸ್ತದ ಅದನ್ನ ಹಾಕ್ರಿ." ಚಹಾ ಆರದಿರಲೆಂದು ಬಸಿ ಮುಚ್ಚಿಟ್ಟು ಕೆಳಗೆ ಹೋದರು.

ನನಗೆ ಸಿಟ್ಟು ನೆತ್ತಿಗೇರಿತು. ಅನುಮಾನದಿಂದ ಒಂದು ಮಾತು ಕೇಳಿದ್ದರೆ ಒತ್ತಿಯೇ ಬಿಡುತ್ತಿದ್ದೆನೇನೋ. ಗೊಣಗುತ್ತಲೇ ಕೆಂಪನ್ನು ಕಿತ್ತು ಕಪ್ಪನ್ನು ಚುಚ್ಚಿದೆ.

ಆಮೇಲೆ ದಿನವೆಲ್ಲ ಅದರ ಮುಂದೆಯೇ ಕುದಿಯುತ್ತ ಕೂತೆ. ಒಂದು ಗೋಪುರ ಬರುವುದು, ಡಿಸ್ಕ್ ಕಟಕಟ ಅನ್ನುವುದು, ನಿಲ್ಲುವುದು. ಆನೆಯ ಹತ್ತಿರ ಸಿಕ್ಕಿಕೊಂಡು ಒಂದು ಗಂಟೆ ಅಲುಗಲಿಲ್ಲ. ಊಟಕ್ಕೆ ಕರೆದ ಅಕ್ಷರಾಳ ಮೇಲೆ ರೇಗಿದೆ. ಬೆಳಿಗ್ಗೆ ಅಳಿಸಹೊರಟವನು ನಾನೇ, ಈಗ ಒಂದೇ ಒಂದು ಹೂ ಬಾರದಿದ್ದರೂ ಮೊದಲಿನಿಂದ ಹುಡುಕುತ್ತಿದ್ದೆ. ಸಂಜೆ ಐದಕ್ಕೆ ಎಲ್ಲ ಬಂದವು. ಹೊಸ ಪೆನ್‌ಡ್ರೈವಿಗೆ ತುಂಬಿ, ಬೇಸ್‌ಮೆಂಟಿಗೆ ಹೋಗಿ ಅತ್ತೆಯ ಕೈಗಿಟ್ಟೆ.

ಅವರು ಅದನ್ನು ಕಣ್ಣಿಗೊತ್ತಿಕೊಂಡರು. "ಭಾಳ ಉಪಕಾರ ಆತ್ರಿ. ಸ್ಟ್ರೀಟ್ಸ್‌ವಿಲ್‌ನಾಗ ನನ್ನ ಗೆಳತಿ ಈರವ್ವನ ಅಂಗಡಿ ಹಿಂದ ಒಂದು ಬಾಡಿಗಿ ಖೋಲಿ ನೋಡೀನಿ. ಒಂದನೇ ತಾರೀಖಿಗೆ ಅಲ್ಲಿಗೆ ಹೋಗ್ತೀನಿ. ಇವು ಸಿಗದಿದ್ರ ನನ್ನ ಕೆಲಸ ಮುಗೀತಿತ್ತು, ಇಲ್ಲೇ ನಿಮ್ಮ ಮನ್ಯಾಗ ಕೂಡಬೇಕಾಗ್ತಿತ್ತು."

"ಇಲ್ಲಿ ಏನ್ ತ್ರಾಸ ಆತು ಅತ್ತಿ?"

ಅವರು ತಲೆಯ ಮೇಲೆ ಛಾವಣಿಯಲ್ಲಿದ್ದ ಹೀಟಿಂಗ್ ವೆಂಟಿನ ಕಿಂಡಿ ತೋರಿಸಿದರು. "ಅದರಾಗಿಂದ ಬಿಸಿ ಗಾಳಿ ಅಷ್ಟ ಬರೂದಿಲ್ರಿ. ಮ್ಯಾಲ ಮಾತಾಡಿದ್ದೂ ಬರ್ತದ."

ದನಿಯಲ್ಲಿ ಸಿಟ್ಟಿರಲಿಲ್ಲ. ಎಲ್ಲ ಕೇಳಿಸಿಕೊಂಡಿದ್ದವರು, ಆದರೂ ಎಂಟು ವರ್ಷದ ದುಡಿಮೆಯನ್ನು ನನ್ನ ಕೈಗೇ ಕೊಟ್ಟಿದ್ದರು. ನಾಚಿಕೆಯಿಂದ ನನಗೆ ಅವರ ಮುಖ ನೋಡಲಾಗಲಿಲ್ಲ.

"ಹೋಗಬ್ಯಾಡ್ರಿ ಅತ್ತಿ," ಎಂದೆ.

"ಮಷೀನ್ ಭಾರ ಅದ. ಎತ್ತಾಕ ನೀವ ಬರಬೇಕ್ರಿ," ಎನ್ನುತ್ತ ಅವರು ಬಗ್ಗಿ ಅದರ ಪ್ಲಗ್ ಕಿತ್ತರು.