ಟೆಸ್ಟಿಗೆ ಮುಂಚಿನ ಎರಡು ದಿನ

ಹಲಸೂರಿನ ಶುಗರ್ ಕ್ಲಿನಿಕ್ಕಿಗೆ ಹೋಗುವ ಎರಡು ದಿನ ಮುಂಚೆ ಮಾತ್ರ ಪಥ್ಯ ಮಾಡುವುದು ಅಲ್ಲಿನ ರೋಗಿಗಳೆಲ್ಲರ ಗುಟ್ಟಾಗಿತ್ತು. ಇಪ್ಪತ್ತು ವರ್ಷದ ನಾನೂ ಆ ಎರಡು ದಿನ ಮಾತ್ರ ತಪ್ಪದೆ ಇನ್ಸುಲಿನ್ ಚುಚ್ಚಿಕೊಳ್ಳುತ್ತಿದ್ದೆ. ಉಳಿದ ದಿನಗಳಲ್ಲಿ ಏನೂ ಬೇಡವೆನಿಸಿ ಆಗಾಗ ಬಿಟ್ಟುಬಿಡುತ್ತಿದ್ದೆ.

ರಿಪೋರ್ಟ್ ನೋಡಿದ ಡಾಕ್ಟರಮ್ಮ, “ಶುಗರ್ ಚೆನ್ನಾಗಿದೆ. ಮನಸ್ಸು ಹೇಗಿದೆಯಪ್ಪಾ?” ಅಂದರು.

ನಾನು ಅವರ ಕಾಂಪೌಂಡರ್ ಥರ ಮೂಗಿನಲ್ಲಿ, “ಎಲ್ಲಾ ನಾರ್ಮಲ್ ಮೇಡಂ, ನೆಕ್ಸ್ಟ್ ಪೇಷೆಂಟ್!” ಅಂದೆ.

ಅವರು ಜೋರಾಗಿ ನಕ್ಕು, “ಈಗ ನಿನ್ನ ದನಿಯಲ್ಲಿ ಹೇಳು” ಅಂದರು.

ಇಡೀ ಬೀದಿಯವರ ದನಿ ಬರುತ್ತಿದ್ದ ಈ ಮಹಾನ್ ಕಲಾವಿದನಿಗೆ ಅದೊಂದೇ ಬರಲಿಲ್ಲ. ಕೊನೆಗೆ, “ಸಾಕಾಗಿದೆ ಮೇಡಂ. ಇಂಜೆಕ್ಷನ್ ತಪ್ಪಿಸ್ತಿದ್ದೀನಿ” ಅಂದು, ಬೈಗುಳಕ್ಕೆ ಕಾದೆ.

ಅವರು ಎದ್ದು ಬಾಗಿಲು ಹಾಕಿ ಬಂದು, “ಯಾವಾಗಿಂದ?” ಎಂದಷ್ಟೇ ಕೇಳಿದರು.