ಕಂಬಿ ಎಷ್ಟು ಎತ್ತರ

ನಾನು ನಗರಸಭೆ ಸದಸ್ಯೆ. ಆದರೆ ಹೊಟ್ಟೆಪಾಡು ನಡೆಯುವುದು ಹೊಲಿಗೆ ಮೆಷಿನ್ನಿನಿಂದ. ಮೀಟಿಂಗ್ ಇದ್ದ ದಿನವೂ ಬೆಳಿಗ್ಗೆ ಎರಡು ಬ್ಲೌಸ್ ಮುಗಿಸಿಯೇ ಹೊರಡುತ್ತೇನೆ. ಎಷ್ಟೋ ಸಲ ಅಳತೆಯ ಟೇಪು ಕುತ್ತಿಗೆಯಲ್ಲೇ ಉಳಿದು ಸಭೆಗೂ ಬಂದುಬಿಡುತ್ತದೆ. ಪಕ್ಕದ ವಾರ್ಡಿನ ಸದಸ್ಯರು, "ಏನ್ ಮೇಡಂ, ನಮ್ಮ ಅಳತೆ ತಗೊಳ್ಳೋಕೆ ಬಂದ್ರಾ?" ಎಂದು ರೇಗಿಸುತ್ತಾರೆ. "ನಿಮ್ಮ ಹೊಟ್ಟೆಗೆ ನನ್ನ ಟೇಪು ಸಾಲಲ್ಲ ಬಿಡಿ" ಎಂದು ನಾನೂ ತಿರುಗಿಸಿ ಕೊಡುತ್ತೇನೆ. ನನ್ನ ಬಾಯಿ ಸ್ವಲ್ಪ ಜೋರು. ಬೀದಿಯವರು ನನ್ನನ್ನು ಚುನಾವಣೆಗೆ ನಿಲ್ಲಿಸಿದ್ದೂ ಆ ಬಾಯಿ ನೋಡಿಯೇ.

ನಿಲ್ಲಿಸಿದವರಲ್ಲಿ ಮೊದಲನೆಯವಳು ನಮ್ಮ ಬೀದಿಯ ಕೊನೇ ಮನೆಯ ಅಕ್ಕ. ರೇಷ್ಮೆ ಗೂಡು ಬೇಯಿಸಿ ದಾರ ತೆಗೆಯುವ ಎರಡು ಬೇಸಿನ್ ಇಟ್ಟುಕೊಂಡು, ಗಂಡನಿಲ್ಲದೆ ಇಬ್ಬರು ಹೆಣ್ಣುಮಕ್ಕಳನ್ನು ಓದಿಸಿ ಮದುವೆ ಮಾಡಿದವಳು. ಗಂಡ ಕುಡಿತದಿಂದ ಹೋದ ಎಂದಷ್ಟೇ ನನಗೆ ಗೊತ್ತಿತ್ತು. ನಾನು ಸೊಸೆಯಾಗಿ ಈ ಬೀದಿಗೆ ಬರುವ ಹೊತ್ತಿಗೆ ಅವನು ತೀರಿಕೊಂಡು ವರ್ಷಗಳಾಗಿದ್ದವು. ನಾನು ಗೆದ್ದ ದಿನ ಅಕ್ಕ ನನ್ನ ಹಣೆಗೆ ಕುಂಕುಮ ಇಟ್ಟು, "ನೀನು ಏನಾದ್ರೂ ಮಾಡು, ಬಿಡು. ನಮ್ಮ ಬೀದಿಗೆ ಹೆಂಡ ಮಾತ್ರ ಬರಬಾರ್ದು ಕಣಮ್ಮ" ಅಂದಿದ್ದಳು. ನಾನು ಅವಳ ಕೈ ಹಿಡಿದು ಆಗಲಿ ಅಂದಿದ್ದೆ.

ಆಮೇಲೆ ಕೆರೆ ತುಂಬಿತು. ನಮ್ಮ ಕಡೆ ಕೆರೆ ತುಂಬುವುದೆಂದರೆ ಮನೆಯಲ್ಲಿ ಮಗು ಹುಟ್ಟಿದ ಹಾಗೆ. ನನ್ನ ಮಗ ಕೆರೆಯಂಗಳದಲ್ಲಿ ಕ್ರಿಕೆಟ್ ಆಡಿ ಬೆಳೆದವನು. ಅಲ್ಲಿ ನೀರು ನಿಲ್ಲುತ್ತಿತ್ತು ಎಂದರೆ ನಗುತ್ತಿದ್ದ. ಆ ವರ್ಷ ಅಂಬಾಜಿದುರ್ಗದ ಬೆಟ್ಟದ ಕಡೆಯಿಂದ ಕವಿದ ಮೋಡ ಹದಿನೈದು ದಿನ ಕದಲಲಿಲ್ಲ. ಕೋಡಿ ಬಿದ್ದ ಬೆಳಿಗ್ಗೆ ಊರಿಗೆ ಊರೇ ಕಟ್ಟೆಯ ಮೇಲಿತ್ತು. ಹೆಂಗಸರು ತಂಬಿಟ್ಟಿನ ಆರತಿ ಹೊತ್ತು ಹೋದೆವು, ಗಂಗಮ್ಮನಿಗೆ ಬಾಗಿನ ಬಿಟ್ಟೆವು. ನಾನಂತೂ ಹೊಸ ಸೀರೆಯುಟ್ಟು ತಮಟೆಯ ಏಟಿಗೆ ಹೆಜ್ಜೆಯನ್ನೂ ಹಾಕಿದೆ. ಆ ವಿಡಿಯೋ ಇನ್ನೂ ಕೆಲವರ ಫೋನಿನಲ್ಲಿದೆ. ಕೋಡಿ ದಾಟಿದ ನೀರು ಯಾವ ದಾರಿಯಲ್ಲಿ ಹೋಗುತ್ತದೆ ಎಂದು ಅಲ್ಲಿದ್ದ ಒಬ್ಬರೂ ಕೇಳಲಿಲ್ಲ. ಅಷ್ಟು ವರ್ಷ ಹರಿಯದ ನೀರಿನ ದಾರಿ ಯಾರಿಗೆ ನೆನಪಿರುತ್ತದೆ?

ನಾವು ಕುಣಿದು ಮನೆಗೆ ಬರುವಷ್ಟರಲ್ಲಿ ಗಂಗಮ್ಮ ನಮಗಿಂತ ಮೊದಲೇ ಬಂದಿದ್ದಳು. ನಮ್ಮ ಬೀದಿಯ ಹಿಂದೆ ಒಂದು ರಾಜಕಾಲುವೆ ಇದೆ, ಇತ್ತು ಅನ್ನಬೇಕು. ಮೂಲೆಯ ಊಟದ ಹೋಟೆಲಿನ ಹಿತ್ತಲಲ್ಲಿ ಅದು ಮಣ್ಣು ತುಂಬಿ, ಕಲ್ಲುಚಪ್ಪಡಿ ಹಾಸಿ, ಒಂದು ಕಾಲುದಾರಿಯಾಗಿತ್ತು. ಶಾಲೆಯ ಮಕ್ಕಳು ಅದರ ಮೇಲೇ ದಾಟುತ್ತಿದ್ದರು. ಅರ್ಧ ಚಪ್ಪಡಿಯ ಮೇಲೆ ಹೋಟೆಲಿನವರು ಪಾತ್ರೆ ತೊಳೆಯುವ ಶೆಡ್ ಹಾಕಿಕೊಂಡಿದ್ದರು. ನೀರು ಅಲ್ಲಿಯವರೆಗೆ ಬಂದು, ಮುಂದೆ ದಾರಿ ಕಾಣದೆ, ಪಕ್ಕದಲ್ಲಿದ್ದ ಅಕ್ಕನ ಮನೆಗೆ ನುಗ್ಗಿತ್ತು.

ನಾನು ಹೋದಾಗ ಮೊಣಕಾಲುದ್ದ ನೀರು. ಹಿಂದಿನ ದಿನವಷ್ಟೇ ಮೇಲೂರಿನಿಂದ ತಂದಿದ್ದ ಗೂಡು ಹಜಾರದ ತುಂಬ ತೇಲುತ್ತಿತ್ತು. ಬೇಸಿನ್ನಿನ ಒಲೆ ಮುಳುಗಿಹೋಗಿತ್ತು. ಅಕ್ಕ ಮಂಚದ ಮೇಲೆ ಕಾಲು ಮಡಿಸಿ ಕೂತು, "ಇಷ್ಟ್ ವರ್ಷ ಬಾರಮ್ಮ ಬಾರಮ್ಮ ಅಂತ ಕರ್ದಿದ್ದೀವಿ. ಬಂದವ್ಳನ್ನ ಈಗ ಹೆಂಗ್ ಬೈಯೋದು?" ಅಂದಳು. ನನಗೆ ಅಳು ಬಂತು. ಬೆಳಿಗ್ಗೆ ಕುಣಿದ ಕಾಲಿನ ಮೇಲೆಯೇ ಸಿಟ್ಟು ಬಂತು.

ಆ ಸಿಟ್ಟನ್ನು ನಾನು ಮುಂದಿನ ಸಭೆಯವರೆಗೂ ಜೋಪಾನವಾಗಿ ಕಾದಿಟ್ಟುಕೊಂಡೆ. ಸಭೆಯ ಪಟ್ಟಿಯಲ್ಲಿ ನಮ್ಮ ಬೀದಿಗೆ ಸೇರಿದ ವಿಷಯ ಎರಡಿದ್ದವು. ಮೊದಲನೆಯದು ಮುಚ್ಚಿದ ಕಾಲುವೆ ತೆರೆಯುವುದು. ಎರಡನೆಯದು ಅದೇ ಮೂಲೆ ಹೋಟೆಲಿನ ಅರ್ಜಿ: ಊಟದ ಜೊತೆ ಬೀರು ಕೊಡಲು ಲೈಸೆನ್ಸ್ ಕೇಳಿದ್ದಾರೆ, ನಗರಸಭೆಯ ಆಕ್ಷೇಪಣೆ ಇದೆಯೇ? ಒಂದಕ್ಕೆ ಹೂಂ, ಇನ್ನೊಂದಕ್ಕೆ ಊಹೂಂ. ನನ್ನ ಲೆಕ್ಕ ಸಲೀಸಾಗಿತ್ತು.

ಕಾಲುವೆಯ ವಿಷಯ ಬಂದಾಗ ಎದ್ದು ನಿಂತು ಮೇಜು ಕುಟ್ಟಿದೆ. ಆ ಚಪ್ಪಡಿ ಒಂದೂ ಉಳಿಯಬಾರದು, ಶೆಡ್ಡೂ ಇರಬಾರದು, ದಾರಿಯೂ ಇರಬಾರದು, ನೀರಿನ ಜಾಗ ನೀರಿಗೆ ಬಿಡಿ ಎಂದು ಗಂಟಲು ಹರಿಯುವಂತೆ ಕೂಗಿದೆ. ಎಲ್ಲರೂ ಒಪ್ಪಿದರು. ನಾನು ಗೆದ್ದ ಗತ್ತಿನಲ್ಲಿ ಕೂತು ನೀರು ಕುಡಿದೆ.

ಎರಡನೆಯ ವಿಷಯ ಬಂದಾಗ ಇಂಜಿನಿಯರ್ ನಕ್ಷೆ ಬಿಡಿಸಿದರು. ಮದ್ಯ ಕೊಡುವ ಜಾಗದ ಬಾಗಿಲಿಗೂ ಶಾಲೆಯ ಬಾಗಿಲಿಗೂ ನಡುವೆ ನೂರು ಮೀಟರ್ ಇರಬೇಕು. ಹಕ್ಕಿ ಹಾರುವ ದೂರವನ್ನು ಅಳೆಯುವಂತಿಲ್ಲ, ಜನ ಮಾಮೂಲಿಯಾಗಿ ನಡೆಯುವ ದಾರಿಯನ್ನೇ ಅಳೆಯಬೇಕು. "ಈಗ ಚಪ್ಪಡಿ ಮೇಲೆ ನಡೆದ್ರೆ ನೂರಕ್ಕೆ ಕಡಿಮೆ ಬರುತ್ತೆ. ಲೈಸೆನ್ಸ್ ಆಗೋದಿಲ್ಲ. ಆದರೆ ಮೇಡಂ ಹೇಳಿದಂತೆ ಕಾಲುವೆ ತೆಗೆದ್ರೆ ಆ ದಾರಿಯೇ ಇರೋದಿಲ್ಲ. ಮಾರ್ಕೆಟ್ ಸುತ್ತಿ ಹೋಗ್ಬೇಕು. ಆಗ ನೂರು ಮೀಟರ್ ಧಾರಾಳವಾಗಿ ದಾಟುತ್ತೆ" ಅಂದರು.

ಅರ್ಧ ಗಂಟೆಯ ಹಿಂದೆ ನಾನೇ ಮೇಜು ಕುಟ್ಟಿ ಬೀರಿಗೆ ದಾರಿ ಮಾಡಿಕೊಟ್ಟಿದ್ದೆ. ಪಕ್ಕದ ಸದಸ್ಯರು ಕಿವಿಯಲ್ಲಿ, "ನೀರು ಹೋಗ್ಬೇಕಂದ್ರೆ ಬೀರು ಬರ್ಬೇಕು, ಏನಂತೀರಾ?" ಎಂದು ನಕ್ಕರು. ಆ ಮನುಷ್ಯನ ಅಂಗಿಯನ್ನು ಬೇಕೆಂದೇ ಬಿಗಿಯಾಗಿ ಹೊಲಿದುಬಿಡಬೇಕು ಅನಿಸಿತು. ಸ್ಥಳ ನೋಡಿ ತೀರ್ಮಾನಿಸೋಣ ಎಂದು ಎರಡೂ ವಿಷಯವನ್ನು ಮುಂದಿನ ಸಭೆಗೆ ಹಾಕಿಸಿದೆ.

ಇಂಜಿನಿಯರ್ ದಾರಿ ಅಳೆಯಲು ಬಂದ ದಿನ ಬೀದಿಯ ಹೆಂಗಸರೆಲ್ಲ ಹೋಟೆಲಿನ ಹಿತ್ತಲಲ್ಲಿ ಸೇರಿದ್ದರು. ಹೋಟೆಲಿನ ಅಣ್ಣ ಕೆಟ್ಟವನಲ್ಲ. ನೀರು ನುಗ್ಗಿದ ಮೂರು ದಿನ ಇಡೀ ಬೀದಿಗೆ ಅನ್ನ ಸಾರು ಕಳಿಸಿದವನು ಅವನೇ. ಹೊಸ ಬೈಪಾಸ್ ಆದ ಮೇಲೆ ಊರೊಳಗೆ ಗಾಡಿಗಳು ಬರುವುದು ನಿಂತು, ಅವನ ಹೋಟೆಲಿನಲ್ಲಿ ಮಧ್ಯಾಹ್ನವೂ ಬೆಂಚು ಖಾಲಿ. ಬೈಪಾಸಿನ ಡಾಬಾಗಳಲ್ಲಿ ಬೀರು ಸಿಗುತ್ತದೆ, ಜನ ಅಲ್ಲಿಗೇ ಹೋಗುತ್ತಾರೆ. "ಮುಚ್ಕೊಂಡ್ ಹೋಗೋಕೆ ಮನಸ್ಸಿಲ್ಲಕ್ಕ, ಎಂಟು ಜನ ಅಡಿಗೆಯೋರಿದ್ದಾರೆ" ಎಂದು ನನ್ನ ಹತ್ತಿರ ಹೇಳಿಕೊಂಡಿದ್ದ. ಇದೆಲ್ಲ ಗೊತ್ತಿದ್ದೂ ಅವತ್ತು ನನಗೆ ಅವನನ್ನು ಕಂಡರೆ ಮೈ ಉರಿಯುತ್ತಿತ್ತು.

ಹೆಂಗಸರು ಅವನನ್ನು ಹಿಡಿದು ಜಾಡಿಸಿದರು. ಕಾಲುವೆ ಮುಚ್ಚಿ ಶೆಡ್ ಕಟ್ಟಿದ್ದೂ ಇವನೇ, ಈಗ ಕಾಲುವೆ ತೆಗೆದ್ರೆ ಬೀರು ಮಾರೋಕೆ ಕಾಯ್ತಿರೋನೂ ಇವನೇ ಎಂದರು. ನಾನೂ ದನಿಗೂಡಿಸಿದೆ. ಅವನು ತಲೆ ತಗ್ಗಿಸಿ, "ಶೆಡ್ ಕಟ್ಟಿದ್ದು ತಪ್ಪೇ ಕಣ್ರಮ್ಮ. ನಾನೇ ತೆಗೆಸ್ತೀನಿ" ಅಂದ. ಚಪ್ಪಡಿಯ ವಿಷಯಕ್ಕೆ ಏನೂ ಹೇಳಲಿಲ್ಲ.

ಆಗ ಅಕ್ಕ ಮುಂದೆ ಬಂದಳು. "ಸುಮ್ನಿರ್ರೇ. ಕಾಲುವೆ ಮುಚ್ಚಿದ್ದು ಅವನಲ್ಲ. ನಾನು."

ವಯಸ್ಸಾದ ಒಬ್ಬಿಬ್ಬರು ಬೇರೆ ಕಡೆ ಮುಖ ಮಾಡಿದರು. ಅವರಿಗೆ ಗೊತ್ತಿತ್ತು ಎಂದು ನನಗೆ ಆಗ ಹೊಳೆಯಿತು.

"ನಮ್ಮೋರು ಬಿದ್ದಿದ್ದು ಇಲ್ಲೇ" ಎಂದಳು ಅಕ್ಕ, ಚಪ್ಪಡಿಯ ಕಡೆ ಕೈ ತೋರಿಸಿ. "ಬಸ್ ಸ್ಟ್ಯಾಂಡ್ ತಾವ ಕುಡ್ಕೊಂಡು ಮನೆಗ್ ಬರ್ತಿದ್ರು. ಆವಾಗ ಕಾಲುವೇಲಿ ನೀರೆಲ್ಲಿತ್ತು? ಬರೀ ಕಲ್ಲು. ನೀರಿದ್ದಿದ್ರೆ ಉಳೀತಿದ್ರೇನೋ. ತಿಥಿ ಮುಗಿದ್ ಮೇಲೆ ನಾನು ದಿನಾ ಒಲೆ ಬೂದಿ, ಮಣ್ಣು, ಗೂಡಿನ ಕಸ ಎಲ್ಲಾ ತಂದು ಇಲ್ಲೇ ಸುರೀತಿದ್ದೆ. ಆ ಗುಂಡಿ ಕಣ್ಣಿಗೇ ಕಾಣ್ಬಾರ್ದು ಅಂತ. ಇವನು ನೋಡಿ ನೋಡಿ, ಅಕ್ಕ ಹೊತ್ತು ಸಾಯ್ತೀಯ ಅಂತ ಹೇಳಿ ಚಪ್ಪಡಿ ಹಾಕಿಸ್ಕೊಟ್ಟ. ಇಷ್ಟ್ ವರ್ಷ ಎಲ್ರೂ ಇವನ್ನ ಬೈದ್ರು. ಒಂದಿನಾನೂ ಬಾಯಿ ಬಿಡ್ಲಿಲ್ಲ."

ಹೋಟೆಲಿನ ಅಣ್ಣ ಹೆಗಲ ಮೇಲಿನ ಟವೆಲಿನಿಂದ ಮುಖ ಒರೆಸಿಕೊಂಡ. ನನಗೆ ನಾಚಿಕೆಯಾಯಿತು. ಸಭೆಯಲ್ಲಿ, ಬೀದಿಯಲ್ಲಿ ಅವನ ಮೇಲೆ ಎಷ್ಟು ಕೂಗಾಡಿದ್ದೆ! ಅಳತೆ ಮುಗಿಯಿತು. ಇಂಜಿನಿಯರ್ ಹೇಳಿದ್ದು ಸರಿಯಾಗಿಯೇ ಇತ್ತು.

ಮಾರನೆಯ ದಿನ ಅಕ್ಕನ ಮನೆಗೆ ಹೋದೆ. ಅವಳ ಮನೆಯ ಗೋಡೆಯಲ್ಲಿ ನೀರು ನಿಂತ ಗೆರೆ ಇನ್ನೂ ಇತ್ತು.

"ಅಕ್ಕ, ಕಾಲುವೆ ತೆಗೆಸಿದ್ರೆ ಬೀರು ಬರುತ್ತೆ. ನಿನಗೆ ಮಾತು ಕೊಟ್ಟಿದ್ದೀನಿ. ಬೇಡ ಅಂದ್ರೆ ಬೇಡ ಅಂತೀನಿ. ಚಪ್ಪಡಿ ಹಂಗೇ ಇರ್ಲಿ."

"ಇನ್ನೊಂದ್ ಸಲ ಕೋಡಿ ಬಿದ್ರೆ?"

ನಿನ್ನ ಮನೆ ಮುಳುಗಲಿ ಎಂದು ಹೇಗೆ ಹೇಳುವುದು?

ಅವಳು ಬಿಸಿನೀರಿನಲ್ಲಿ ಗೂಡು ತಿರುವುತ್ತಲೇ ಹೇಳಿದಳು. "ನೀರಿನ ದಾರಿ ಮುಚ್ಚೋದು ನನ್ನ ಕೈಲಾಯ್ತು. ಕುಡಿಯೋರ ದಾರಿ ಮುಚ್ಚೋಕೆ ಆಗ್ಲಿಲ್ಲ ಕಣಮ್ಮ. ಇಲ್ಲಿಲ್ದಿದ್ರೆ ಬೈಪಾಸ್ ತಾವ ಹೋಗಿ ಕುಡೀತಾರೆ. ತೆಗೆಸು. ಬೀರೂ ಮಾರ್ಲಿ. ಆದ್ರೆ ಒಂದು ಬರ್ಕೋ. ಕಾಲುವೆ ಉದ್ದಕ್ಕೂ ಅವನು ಕಬ್ಬಿಣದ ಕಂಬಿ ಹಾಕಿಸ್ಬೇಕು. ಒಂದು ಲೈಟ್ ಇರ್ಬೇಕು. ಕುಡ್ಕೊಂಡ್ ಬರೋನು ಯಾವನೇ ಆಗ್ಲಿ, ಅವನ ಮನೇಲೂ ಒಬ್ಳು ಕಾಯ್ತಾ ಇರ್ತಾಳೆ."

ಅಷ್ಟು ದಿನ ನಾನು ಕುಡಿಯುವವರನ್ನು ಬೈಯುವುದನ್ನೇ ಸಮಾಜಸೇವೆ ಅಂದುಕೊಂಡಿದ್ದೆ. ಅವಳು ಹೇಳಿದ್ದನ್ನು ಬಿಲ್ಲಿನ ಪುಸ್ತಕದ ಹಿಂದೆ ಬರೆದುಕೊಂಡು, ಕಣ್ಣು ತುಂಬಿ ಅಕ್ಷರ ಕಾಣದೆ, ಎರಡು ಸಲ ತಪ್ಪು ಬರೆದೆ.

ಮುಂದಿನ ಸಭೆಯಲ್ಲಿ ಅದನ್ನು ಓದಿದೆ. ಮೇಜು ಕುಟ್ಟಲಿಲ್ಲ. ಹಾಗೇ ಓದಿದೆ. ಕೆಲವರು ಬೀರು ಬೇಡವೇ ಬೇಡ ಅಂದರು. ಅವರು ಹೇಳಿದ್ದೂ ತಪ್ಪಲ್ಲ. ಕಂಬಿ ಮತ್ತು ದೀಪದ ಷರತ್ತು ಹಾಕಿ, ಕಾಲುವೆ ತೆಗೆದ ಮೇಲೆ ಆಕ್ಷೇಪಣೆ ಇಲ್ಲ ಎಂದು ತೀರ್ಮಾನವಾಯಿತು. ಕೈ ಎತ್ತಿದವರಲ್ಲಿ ನಾನೂ ಒಬ್ಬಳು. ನಮ್ಮ ಬೀದಿಯ ನಾಲ್ಕೈದು ಮನೆಯವರು ಆಮೇಲೆ ನನ್ನ ಹತ್ತಿರ ಬಟ್ಟೆ ಹೊಲಿಸುವುದನ್ನೇ ಬಿಟ್ಟರು. ಒಬ್ಬಳು ಈಗಲೂ ಬಿಟ್ಟೇ ಇದ್ದಾಳೆ.

ಜೆಸಿಬಿ ಬಂದು ಚಪ್ಪಡಿ ಎತ್ತಿದಾಗ ಅಕ್ಕ ಹೊರಗೆ ಬರಲಿಲ್ಲ. ಬೂದಿ ಬಣ್ಣದ ಮಣ್ಣು ಟ್ರಾಕ್ಟರಿಗೆ ತುಂಬಿ ಹೋಯಿತು. ಅಷ್ಟನ್ನೂ ಅವಳು ಒಬ್ಬಳೇ ಹೊತ್ತು ತಂದಿದ್ದಳೇ ಎಂದು ನಾನು ನೋಡುತ್ತಾ ನಿಂತೆ.

ಕಂಬಿ ಹಾಕುವ ದಿನ ಮಾತ್ರ ಬಂದಳು. ವೆಲ್ಡಿಂಗಿನವನು ಮೂರಡಿ ಸಾಕು ಅಂದ. ಅಕ್ಕ ಒಪ್ಪಲಿಲ್ಲ. "ಮೂರಡಿ ಆದ್ರೆ ಮೇಲಿಂದ ಉರುಳ್ಕೋತಾರಪ್ಪ. ಇಷ್ಟಿರ್ಬೇಕು" ಎಂದು ಗಾಳಿಯಲ್ಲಿ ಅಂಗೈ ಚಾಚಿದಳು. ಅಂಗೈ ಮೇಲೆ ಹೋಯಿತು, ಕೆಳಗೆ ಬಂತು, ಮತ್ತೆ ಮೇಲೆ ಹೋಯಿತು. ಒಂದು ಕಡೆ ನಿಲ್ಲಲಿಲ್ಲ. ಅವಳು ನನ್ನ ಕಡೆ ತಿರುಗಿದಾಗ ಮುಖದಲ್ಲಿ ಗಾಬರಿಯಿತ್ತು. "ನಮ್ಮೋರು ಎಷ್ಟ್ ಎತ್ತರ ಇದ್ರು ಅನ್ನೋದೇ ಮರ್ತೋಗಿದೆ ಕಣಮ್ಮ."

ನಾನು ನನ್ನ ಹೊಲಿಗೆ ಅಂಗಡಿಗೆ ಓಡಿದೆ. ನಮ್ಮ ಮಾವನವರೂ ದರ್ಜಿ. ಅವರ ಅಳತೆ ಪುಸ್ತಕಗಳನ್ನು ನಾನು ಎಸೆದಿಲ್ಲ, ಅಟ್ಟದ ಮೇಲೆ ಕಟ್ಟಿಟ್ಟಿದ್ದೇನೆ. ಮೂರನೆಯ ಪುಸ್ತಕದಲ್ಲಿ ಸಿಕ್ಕಿತು. 'ಬೇಸಿನ್ ಮನೆ, ಮದುವೆ ಪ್ಯಾಂಟು, ಉದ್ದ ಮೂವತ್ತೊಂಬತ್ತು.' ಮಾವನವರ ಕೈಬರಹ, ನೀಲಿ ಪೆನ್ಸಿಲು.

ವಾಪಸ್ ಬಂದು ಟೇಪಿನ ತುದಿಯನ್ನು ಕಾಲಡಿ ಒತ್ತಿ ಹಿಡಿದೆ. ಕಂಬದ ಮೇಲೆ ಮೂವತ್ತೊಂಬತ್ತು ಇಂಚಿಗೆ ಸೀಮೆಸುಣ್ಣದ ಗೆರೆ ಎಳೆದೆ. "ಅಕ್ಕ, ಇದು ಅವರ ಸೊಂಟ" ಅಂದೆ. ಆಮೇಲೆ ಒಂದು ಗೇಣು ಮೇಲೆ ಇನ್ನೊಂದು ಗೆರೆ ಹಾಕಿ ವೆಲ್ಡಿಂಗಿನವನಿಗೆ ತೋರಿಸಿದೆ. ನಾಲ್ಕಡಿ.

ಅಕ್ಕ ಕಂಬದ ಹತ್ತಿರ ಬಂದಳು. ಕೆಳಗಿನ ಗೆರೆಯ ಮೇಲೆ ಕೈಯಿಟ್ಟಳು. ಅಲ್ಲಿಂದ ಕೈಯನ್ನು ನಿಧಾನವಾಗಿ ಮೇಲೆ ಸರಿಸಿದಳು. ಕಂಬ ಮುಗಿದ ಮೇಲೂ ಸರಿಸಿ, ಬರಿಗಾಳಿಯಲ್ಲಿ ಒಂದು ಭುಜವಿರಬೇಕಾದ ಜಾಗದಲ್ಲಿ ನಿಲ್ಲಿಸಿದಳು. ಈ ಸಲ ಕೈ ಅಲುಗಾಡಲಿಲ್ಲ.

"ಹೂಂ, ಇಷ್ಟೇ ಇದ್ರು" ಅಂದಳು.