ಚಿಕ್ಕಮ್ಮ ತಾಯಿಯಾದ ಕಾಲ

ನನ್ನ ಚಿಕ್ಕಮ್ಮನನ್ನು ಬೀದಿಯವರೆಲ್ಲ ಕನ್ನಡಕದಕ್ಕ ಎನ್ನುತ್ತಿದ್ದರು. ಮೂರು ಮೆಟ್ಟಿಲು ಹತ್ತಿ ಹೋಗುವ ಪುಟ್ಟ ಅಂಗಡಿ. ಹಿಂದಿನ ಕೋಣೆಯಲ್ಲಿ ಲೆನ್ಸ್ ಉಜ್ಜುವ ಯಂತ್ರ, ಮೇಲೆ ಮನೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ನಾನು ಎರಡು ವರ್ಷ ಅಲ್ಲಿದ್ದೆ. ಈಗಲೂ ಎಲ್ಲಾದರೂ ಗಾಜು ಉಜ್ಜುವ ಸದ್ದು ಕೇಳಿದರೆ ಆ ದಿನಗಳು ಕಣ್ಣಿಗೆ ಕಟ್ಟುತ್ತವೆ.

ಚಿಕ್ಕಮ್ಮನಿಗೆ ಆಗ ಮೂವತ್ತೆಂಟು. ಮದುವೆ ಬೇಡವೆಂದವಳಲ್ಲ, ಕೂಡಿಬರಲಿಲ್ಲ ಅಷ್ಟೇ. ಒಂದು ಭಾನುವಾರ ಬಟ್ಟೆ ಮಡಚುತ್ತಾ ಹೇಳಿದಳು: "ನಂಗೊಂದು ಮಗು ಬೇಕು ಕಣೆ. ಗಂಡ ಸಿಗ್ಲಿ ಅಂತ ಕಾಯ್ತಾ ಕೂತ್ರೆ ಅದೂ ಕೈತಪ್ಪುತ್ತೆ. ನಾಳೆ ಡಾಕ್ಟರ್ ಹತ್ರ ಜೊತೆಗೆ ಬರ್ತೀಯಾ?"

ಡಾಕ್ಟರಮ್ಮ ರಕ್ತ ಪರೀಕ್ಷೆ, ಸ್ಕ್ಯಾನಿಂಗ್ ಮುಗಿಸಿ ಎಲ್ಲವನ್ನೂ ಬಿಡಿಸಿ ಹೇಳಿದರು. ದಾನಿಯ ವೀರ್ಯವನ್ನು ಸರಿಯಾದ ದಿನ ನೋಡಿ ಗರ್ಭಕೋಶಕ್ಕೆ ಸೇರಿಸುವುದು ಮೊದಲ ದಾರಿ. ಅದು ಫಲಿಸದಿದ್ದರೆ ಅಂಡಾಣು ಹೊರತೆಗೆದು, ಲ್ಯಾಬಿನಲ್ಲಿ ಭ್ರೂಣ ಮಾಡಿ ಒಳಗಿಡುವ ಐವಿಎಫ್. "ವಯಸ್ಸಾದ ಹಾಗೆ ಅಂಡಾಣು ಕಮ್ಮಿ ಆಗುತ್ತೆ. ಆಗೇ ಆಗುತ್ತೆ ಅಂತ ನಾನು ಮಾತು ಕೊಡಲ್ಲ," ಎಂದರು.

ದಾನಿಗಳ ಪಟ್ಟಿಯಲ್ಲಿ ಎತ್ತರ, ಓದು, ರಕ್ತದ ಗುಂಪು ಇತ್ತು, ಹೆಸರಿರಲಿಲ್ಲ. ಚಿಕ್ಕಮ್ಮ ಎರಡೆರಡು ಸಲ ಓದಿ, "ಕನ್ನಡಕ ಹಾಕ್ತಾರಾ ಅಂತ ಬರೆದೇ ಇಲ್ವಲ್ಲ ಡಾಕ್ಟ್ರೇ," ಎಂದಳು. ಡಾಕ್ಟರಮ್ಮ ತಮ್ಮ ಕನ್ನಡಕ ತೆಗೆದು ಒರೆಸಿಕೊಳ್ಳುತ್ತಾ ನಕ್ಕರು.

ನನ್ನ ಅಮ್ಮ ಚಿಕ್ಕಮ್ಮನಿಗಿಂತ ಹದಿಮೂರು ವರ್ಷ ದೊಡ್ಡವಳು. ಅಜ್ಜಿ ತೀರಿಕೊಂಡ ಮೇಲೆ ತಂಗಿಯನ್ನು ಸಾಕಿದವಳೇ ಅವಳು. ವಿಷಯ ಕೇಳಿ ಫೋನಿನಲ್ಲೇ ಕೆಂಡವಾದಳು.

"ಮದುವೆ ಇಲ್ದೆ ಮಗು ಅಂದ್ರೆ ಜನ ಏನಂತಾರೆ?"

"ಕಣ್ಣು ಸರಿಯಾಗಿ ಕಾಣಲ್ಲ ಅಂತ ಜನ ನನ್ ಹತ್ರಾನೇ ಬರ್ತಾರಕ್ಕ."

ಅಮ್ಮ ಫೋನ್ ಇಟ್ಟಳು. ಆಮೇಲೆ ತಿಂಗಳುಗಟ್ಟಲೆ ಅಕ್ಕತಂಗಿಯರಿಗೆ ಮಾತಿರಲಿಲ್ಲ.

ಮೊದಲ ದಾರಿ ಮೂರು ಸಲವೂ ಕೈಕೊಟ್ಟಿತು. ಮೂರನೆಯ ಸಲದ ಫಲಿತಾಂಶ ಬಂದ ದಿನ ಚಿಕ್ಕಮ್ಮ ಊಟ ಬಿಟ್ಟು, ಸಂಜೆಯವರೆಗೂ ಲೆನ್ಸ್ ಉಜ್ಜಿದಳು.

ಐವಿಎಫ್‌ಗೆಂದು ದಿನವೂ ಬೆಳಿಗ್ಗೆ ಎಂಟಕ್ಕೆ ಹೊಟ್ಟೆಗೆ ಇಂಜೆಕ್ಷನ್. ಎಷ್ಟೇ ಸೂಕ್ಷ್ಮ ಕೆಲಸಕ್ಕೂ ಅಳುಕದವಳು ಸೂಜಿ ಕಂಡರೆ ಕಣ್ಣು ಮುಚ್ಚಿಕೊಳ್ಳುತ್ತಿದ್ದಳು. ಅಡುಗೆಮನೆಯ ಸ್ಟೂಲಿನ ಮೇಲೆ ಕೂರಿಸಿ ನಾನೇ ಚುಚ್ಚುತ್ತಿದ್ದೆ. ನಡುವೆ ಆಫೀಸಿನವರು ನನ್ನನ್ನು ನಾಲ್ಕು ದಿನ ಬೇರೆ ಊರಿಗೆ ಕಳಿಸಿದರು. ವಿಧಿಯಿಲ್ಲದೆ ಅಮ್ಮನಿಗೆ ಫೋನ್ ಮಾಡಿದೆ.

"ಹಟ ಹಿಡಿದವಳು ಅವಳು, ಅವಳೇ ನೋಡ್ಕೊಳ್ಲಿ," ಎಂದಳು.

ಮರುದಿನ ಎಂಟಕ್ಕೆ ಇನ್ನೂ ಹತ್ತು ನಿಮಿಷವಿರುವಾಗ ಚೀಲ ಹಿಡಿದು ಮೆಟ್ಟಿಲು ಹತ್ತಿ ಬಂದಳಂತೆ. "ಎಲ್ಲಿ ಆ ಸೂಜಿ? ಮುಖ ಆ ಕಡೆ ತಿರುಗಿಸು," ಎಂದಳಂತೆ. ತಾನು ಅತ್ತದ್ದು ನೋವಿಗಲ್ಲವೆಂದು ಚಿಕ್ಕಮ್ಮ ಆಮೇಲೆ ನನಗೆ ಹೇಳಿದಳು.

ಆರು ಅಂಡಾಣು ಸಿಕ್ಕಿ, ಎರಡು ಭ್ರೂಣವಾದವು. ಒಳಗಿಟ್ಟ ಮೊದಲನೆಯದು ಒಂಬತ್ತನೇ ವಾರಕ್ಕೆ ಹೋಯಿತು. ಆಮೇಲೆ ಹದಿನೈದು ದಿನ ಅಮ್ಮ ಅಲ್ಲೇ ಉಳಿದು, ಏನೂ ಉಪದೇಶ ಮಾಡದೆ, ಚಿಕ್ಕಂದಿನಂತೆ ತಂಗಿಯ ತಲೆ ಬಾಚಿದಳು. ಎರಡನೆಯದು ನಿಂತಿತು. ಮಗಳು ಹುಟ್ಟಿದಾಗ ಮೊದಲು ಎತ್ತಿಕೊಂಡವಳೂ ಅಮ್ಮನೇ. ನನ್ನ ಕೈಗೆ ಕೊಡಲು ಅರ್ಧ ಗಂಟೆ ಸತಾಯಿಸಿದಳು.

ಐದನೇ ವಯಸ್ಸಿನಲ್ಲಿ ಮಗು ಕೇಳಿತು, "ನಂಗೆ ಅಪ್ಪ ಇಲ್ವಾ?"

"ಪುಣ್ಯಾತ್ಮರೊಬ್ರು ಸಹಾಯ ಮಾಡಿದ್ರು. ಅವರ ಹೆಸರು ನಂಗೂ ಗೊತ್ತಿಲ್ಲ. ನೀನು ಬೇಕು ಅಂತ ಕಾದಿದ್ದು ಮಾತ್ರ ನಾನು."

"ಎಷ್ಟು ದಿನ ಕಾದೆ?"

"ಎರಡು ವರ್ಷ."

ಮಗು ಅವಳ ಕೆನ್ನೆ ಸವರಿ, "ಪಾಪ," ಎಂದು ಹೇಳಿ ಆಟಕ್ಕೆ ಓಡಿತು.